ಲಾಕ್ಷೆಯೂ ಕಿರಮಂಜಿಯೂ

ಕೆಂಪು ಬಣ್ಣವನ್ನೀಯುವ ಎರಡು ಕೀಟಗಳು ಭರತಖಂಡದಲ್ಲಿ ನೆಲಸಿರುವುವು. ಒಂದು ಅರಗಿನ ಹುಳು. ಮತ್ತೊಂದು ಪಾಪಾಸುಕಳ್ಳಿಯ ಮೇಲಣ ಕಿರಮಂಜಿ ಹುಳು. ಎರಡೂ ಗಿಡದ ರಸವನ್ನು ಹೀರಿ ಬದುಕತಕ್ಕವು, ಪರಸ್ಪರ ಬಂಧುಗಳು. ಆದರೆ ಮೊದಲನೆಯದು ದೇಶ್ಯ, ಎರಡನೆಯದು ಆಗಂತುಕ. ರೂಪಸಾಮ್ಯವನ್ನು ನಂಬಿ ಜಾತಿಭೇದವನ್ನು ಮರೆತರೆ ಎಂತಹ ಪ್ರಮಾದವುಂಟಾಗುವುದೆಂಬುದಕ್ಕೆ ಈ ಎರಡನೆಯದರ ಚರಿತ್ರೆಯೇ ನಿದರ್ಶನವು.

ಲಾಕ್ಷೆಯು ಅತಿ ಪ್ರಾಚೀನವಾದುದು. ಅಥರ್ವವೇದದ ಐದನೆಯ ಕಾಂಡದಲ್ಲಿ ಅದನ್ನು ಗಾಯ ಮಾಯಿಸುವ ಔಷಧಿಯೆಂದು ಸ್ತುತಿಸಿದೆ. ಅಮರಸಿಂಹನು ಲಾಕ್ಷಾ, ಜತು, ಅಲಕ್ತ ಮೊದಲಾದ ಪರ್ಯಾಯಗಳೊಡನೆ ‘ದ್ರುಮಾಮಯ’ವೆಂಬ ಹೆಸರನ್ನೂ ಹೇಳಿರುವನು. ಮರದ ರೋಗವೆಂದು ಇದರ ಅರ್ಥ. ಈ ಹೆಸರು ಯಥಾರ್ಥವಾಗಿದೆ. ಮೊಟ್ಟೆಯೊಡೆದ ಮರಿಗಳು ಎಳೆಯ ರೆಂಬೆಗಳಿಗೆ ಹರಿದುಹೋಗಿ, ಮೂತಿಯನ್ನು ತೊಗಟೆಯೊಳಕ್ಕೆ ಚುಚ್ಚಿ ನಿಲ್ಲುತ್ತವೆ. ಹೆಣ್ಣು ಮತ್ತೆ ಅಲ್ಲಿಂದ ಕದಲುವುದಿಲ್ಲ. ತನ್ನ ಮೈಯಿಂದ ಒಸರಿದ ರಾಳದೊಳಗೆ ತಾನೇ ಹುದುಗಿಕೊಳ್ಳುವುದು. ಆ ರಾಳವೇ ಅರಗು. ಮುತ್ತುಗ, ಬೋರೆ ಮುಂತಾದುವು ಇದರ ಆಶ್ರಯವೃಕ್ಷಗಳು. ಮೈಸೂರು ಸೀಮೆಯಲ್ಲಿ ಜಾಲಾರಿಯು ಮುಖ್ಯವಾದುದು. ಈ ಹುಳುವನ್ನು ತಿನ್ನುವ ಪತಂಗದ ಮರಿಗಳೂ, ಇದರ ಮೈಯಲ್ಲಿ ಮೊಟ್ಟೆಯಿಡುವ ಸಣ್ಣ ಕಣಜಗಳೂ ಈ ದೇಶದಲ್ಲಿಯೇ ಇವೆ. ಹೀಗೆ ಮರ, ರೋಗ, ರೋಗಕ್ಕೆ ಶತ್ರು ಈ ಮೂರೂ ಬಹುಕಾಲದಿಂದ ಜೊತೆಯಲ್ಲಿ ಬಾಳಿಬಂದಿರುವುವು.

ಇನ್ನು ಕಿರಮಂಜಿ. ಈ ಶಬ್ದವು ಅರಬ್ಬಿಯ ‘ಕಿರ್ಮಿಜ್’ ಎಂಬುದರಿಂದ ಬಂದುದು. ಅದರ ಮೂಲವಾದ ಪಾರಸಿಯ ‘ಕಿರ್ಮ್’ ಶಬ್ದವು ಸಂಸ್ಕೃತದ ‘ಕೃಮಿ’ಗೆ ಜ್ಞಾತಿ. ಹೆಸರು ಹಳೆಯ ಖಂಡದ್ದಾದರೂ ಕಳ್ಳಿಯ ಮೇಲಣ ಹುಳುವು ಅಮೆರಿಕಾ ಖಂಡದ್ದು. ಪಾಪಾಸುಕಳ್ಳಿಯೂ ಅಲ್ಲಿಯದೇ. ಹೆಣ್ಣುಹುಳುವಿಗೆ ರೆಕ್ಕೆಯಿಲ್ಲ, ಬಿಳಿಯ ಮೇಣದ ಹೊದಿಕೆಯಡಿಯಲ್ಲಿ ಕುಳಿತಲ್ಲಿಯೇ ಕುಳಿತಿರುವುದು, ಹಿಸುಕಿದರೆ ರಕ್ತದಂತಹ ಬಣ್ಣವು ಹೊರಡುವುದು. ಮೈಮೇಲೆ ಮೇಣದ ಎಳೆಗಳುಳ್ಳ ಮರಿಗಳು ಗಾಳಿಯಲ್ಲಿ ತೇಲಿ ಬೇರೆ ಗಿಡಗಳನ್ನು ಸೇರುವುವು.

ಮೆಕ್ಸಿಕೋ ದೇಶದಲ್ಲಿ ಸಾಕುತ್ತಿದ್ದ ಉತ್ತಮ ಜಾತಿಯ ಬಣ್ಣವು ಬಹು ಬೆಲೆಯುಳ್ಳದ್ದಾದುದರಿಂದ ಈಸ್ಟ್ ಇಂಡಿಯಾ ಕಂಪನಿಯು ಅದನ್ನು ಇಲ್ಲಿ ಬೆಳೆಯಲಪೇಕ್ಷಿಸಿತು. ೧೭೯೫ರಲ್ಲಿ ಬ್ರೆಜಿಲ್ ದೇಶದಿಂದ ಹುಳುಗಳು ವಂಗದೇಶಕ್ಕೆ ಬಂದುವು. ಆದರೆ ಬಂದುದು ಉತ್ತಮ ಜಾತಿಯಲ್ಲ, ಅದನ್ನು ಹೋಲುವ ಕಾಡುಜಾತಿ. ಉತ್ತಮ ಜಾತಿಯ ಹೊದಿಕೆಯು ಹಿಟ್ಟಿನಂತೆ, ಕಾಡುಜಾತಿಯದು ಹತ್ತಿಯಂತೆ. ಈ ಭೇದವು ಆಗ ಗಣನೆಗೆ ಬರಲಿಲ್ಲ. ಬಣ್ಣವು ಕೀಳಾಯಿತು, ಉದ್ಯಮವು ಕೆಟ್ಟಿತು. ಕಳ್ಳಿಯಾದರೋ ಹುಳುವಿನ ಹಾವಳಿಯಿಂದ ಹಲವೆಡೆಗಳಲ್ಲಿ ಒಣಗಿ ನಾಶವಾಯಿತು.

ಈ ಅನರ್ಥದಲ್ಲಿಯೇ ಒಂದು ಅರ್ಥವು ತೋರಿತು. ಹೊಲ ಬೀಳುಗಳನ್ನು ಆಕ್ರಮಿಸಿದ್ದ ಕಳ್ಳಿಯನ್ನು ಕೊಲ್ಲುವುದಕ್ಕಾಗಿಯೇ ಈ ಹುಳುವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣದೇಶಕ್ಕೂ, ೧೮೬೦ರ ದಶಕದಲ್ಲಿ ಸಿಂಹಳಕ್ಕೂ ಒಯ್ದರು. ಆದರೆ ಅದು ಒಂದು ಜಾತಿಯ ಕಳ್ಳಿಯನ್ನು ಕೊಂದಿತೇ ಹೊರತು ಮತ್ತೊಂದು ಜಾತಿಯನ್ನು ಮುಟ್ಟಲಿಲ್ಲ. ಆ ಮತ್ತೊಂದಕ್ಕೆ ಬೇರೊಂದು ಜಾತಿಯ ಕಿರಮಂಜಿಯೇ ಬೇಕಾಯಿತು. ಅದನ್ನು ೧೯೨೬ರಲ್ಲಿ ಸಿಂಹಳದಿಂದ ತಂದು ಬಿಟ್ಟ ಮೇಲೆ ದಕ್ಷಿಣದೇಶದ ವಿಸ್ತಾರವಾದ ಕಳ್ಳಿಯ ಪೊದೆಗಳು ಅಳಿದು ನೆಲವು ಮರಳಿ ಕೈಗೆ ಬಂದಿತು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹುಳುಗಳಿಗೆ ಆಹಾರವು ಬೇರೆಬೇರೆ ಎಂಬುದೇ ಇಲ್ಲಿನ ತತ್ತ್ವವು.

ಇಷ್ಟರಿಂದ ಆಗಂತುಕ ಕೀಟವು ಉಪಕಾರಿಯೆಂದು ಸಾಮಾನ್ಯವಾಗಿ ಹೇಳಲಾಗದು. ದಕ್ಷಿಣದೇಶದಲ್ಲಿ ಉಪಕಾರ ಮಾಡಿದ ಆ ಜಾತಿಯೇ ೨೦೧೪ರಲ್ಲಿ ಮೊರಾಕೋ ದೇಶದಲ್ಲಿ ಕಾಣಿಸಿಕೊಂಡು, ಹಣ್ಣಿಗಾಗಿಯೂ ಮೇವಿಗಾಗಿಯೂ ರೈತರು ಬೆಳೆಸಿದ್ದ ಕಳ್ಳಿಯ ತೋಟಗಳನ್ನು ಹಾಳುಮಾಡಿತು. ಹುಳುವಿನ ಸ್ವಭಾವವು ಎರಡೆಡೆಯಲ್ಲಿಯೂ ಒಂದೇ. ಭೇದವಿರುವುದು ಆ ಗಿಡದಿಂದ ಜನರಿಗಿದ್ದ ಪ್ರಯೋಜನದಲ್ಲಿ. ಈಗ ಭರತಖಂಡದಲ್ಲಿಯೂ ಮುಳ್ಳಿಲ್ಲದ ಕಳ್ಳಿಯನ್ನು ಒಣಸೀಮೆಗಳ ಮೇವಾಗಿ ಬೆಳೆಸುವ ಪ್ರಯತ್ನ ನಡೆದಿರುವುದರಿಂದ, ಹಿಂದಿನ ಮಿತ್ರನು ಮುಂದೆ ಶತ್ರುವಾಗಬಹುದೆಂಬುದನ್ನು ಮರೆಯತಕ್ಕದ್ದಲ್ಲ.

ಆದುದರಿಂದ ಯಾವ ಜೀವಿಯನ್ನಾದರೂ ಹೊರಗಿನಿಂದ ತರುವ ಮುನ್ನ ಅದರ ಜಾತಿ, ಆಹಾರ, ಶತ್ರು ಈ ಮೂರನ್ನೂ ನಿರ್ಣಯಿಸಬೇಕು. ಅರಗಿನ ಹುಳುವಿನ ವಿಷಯದಲ್ಲಿ ಈ ಮೂರೂ ಇಲ್ಲಿನ ನೆಲದಲ್ಲಿಯೇ ಸಿದ್ಧವಾಗಿದ್ದುವು. ಕಿರಮಂಜಿಯ ವಿಷಯದಲ್ಲಿ ಅವನ್ನು ವಿಚಾರಿಸದೆ ಹೋದುದರಿಂದ, ಬಣ್ಣಕ್ಕಾಗಿ ತಂದ ಹುಳುವು ಕಳ್ಳಿಗೆ ದ್ರುಮಾಮಯವಾಯಿತು.