ಮಿಷನ್ ಆಸ್ಪತ್ರೆಯ ಹೆರಿಗೆ ರಿಜಿಸ್ಟರ್

ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಒಂದು ಶಿಸ್ತು ನಡೆದುಬಂದಿತ್ತು. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಳೆದು ಹೆರಿಗೆ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಮಕ್ಕಳ ಬೊಜ್ಜು ತಡೆಯುವ ಸಂಶೋಧನೆಗೆ ನಮ್ಮ ನಾಡಿನಲ್ಲಿ ಈ ಪುಟಗಳೂ ಒಂದು ಬುನಾದಿ.

ಹುಟ್ಟಿದಾಗ, ಮೊದಲ ವರ್ಷದಲ್ಲಿ ತೂಕ ಕಡಿಮೆಯಿದ್ದ ಗಂಡಸರಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚು ಎಂದು ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ತಂಡ 1989ರಲ್ಲಿ ತೋರಿಸಿತ್ತು. ನಮ್ಮಲ್ಲೂ ಹಾಗೆಯೇ ಏನು? ಇದನ್ನು ತಿಳಿಯಲು ಅದೇ ತಂಡದ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನ ರಿಜಿಸ್ಟರು ಬಿಚ್ಚಿದರು. ಅದರಲ್ಲಿದ್ದ ಕೂಸುಗಳಿಗೆ ಆಗ ನಡುವಯಸ್ಸು. ಹುಡುಕಿ ಕರೆಸಿ ಪರೀಕ್ಷಿಸಿದಾಗ, ಹೃದ್ರೋಗದ ಮಟ್ಟಿಗೆ ಇಂಗ್ಲೆಂಡಿನ ಮಾತೇ ನಿಜವಾಯಿತು. ಸಕ್ಕರೆ ಕಾಯಿಲೆಯ ಕತೆ ಬೇರೆಯಿತ್ತು. ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಜಾಸ್ತಿ ಕಂಡಿತು. ಬಸುರಿನಲ್ಲೇ ತಾಯಿಯ ಸಕ್ಕರೆ ಏರಿದ್ದಿರಬಹುದೇ ಎಂಬ ಅನುಮಾನ ಮೂಡಿತು.

ಅದನ್ನು ಪರೀಕ್ಷಿಸಲೆಂದೇ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. 30 ವಾರ ತುಂಬುವ ಹೊತ್ತಿಗೆ ಸುಮಾರು 800 ಗರ್ಭಿಣಿಯರ ಗ್ಲೂಕೋಸ್ ಪರೀಕ್ಷೆ ನಡೆಯಿತು. ನೂರಕ್ಕೆ ಆರು ಮಂದಿಯಲ್ಲಿ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಕಂಡಿತು. ಹೆರಿಗೆಯಾದ ಮೇಲೆ ಕೂಸಿನ ಹೆಗಲ ಮೂಳೆಯ ಕೆಳಗಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದು, ಆ ಮಡಿಕೆಯ ದಪ್ಪವನ್ನು ಕ್ಯಾಲಿಪರಿನಿಂದ ಅಳೆದರು. ನಮ್ಮ ಕೂಸುಗಳು ಇಂಗ್ಲೆಂಡಿನವಕ್ಕಿಂತ ಸಣ್ಣವು, ಬಡಕಲು. ಬೆನ್ನಿನ ಕೊಬ್ಬು ಮಾತ್ರ ಅಷ್ಟಾಗಿ ಕಮ್ಮಿಯಿರಲಿಲ್ಲ!

ಅಧ್ಯಯನ ತಂಡದ ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಈ ಮಕ್ಕಳ ಬೆನ್ನು ಬಿಡಲಿಲ್ಲ. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು. ಒಂಬತ್ತೂವರೆ ವರ್ಷಕ್ಕೆ ಗಂಡು, ಹೆಣ್ಣು ಇಬ್ಬರಲ್ಲೂ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದ ಲಕ್ಷಣ ಕಂಡಿತು.

ಬೊಜ್ಜಿನ ಮಾತು ಬಂದಾಗಲೆಲ್ಲ ನಾವು ಮಗುವಿನ ತಿಂಡಿ ಡಬ್ಬಿ, ಮೊಬೈಲು, ಸೋಮಾರಿತನವನ್ನು ದೂರುತ್ತೇವೆ. ಆಟ, ಊಟ ಎರಡೂ ಮುಖ್ಯವೇ. ಆದರೆ ಮಗು ತಟ್ಟೆ ಮುಟ್ಟುವ ಮೊದಲೇ ಅದರ ಮೈ ಒಂದಿಷ್ಟು ದಾರಿ ಸವೆಸಿರುತ್ತದೆ ಎಂಬುದನ್ನು ಮೈಸೂರು ತೋರಿಸಿಕೊಟ್ಟಿದೆ. ಮಕ್ಕಳ ಬೊಜ್ಜಿನ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೂ 2016ರ ತನ್ನ ವರದಿಯಲ್ಲಿ ಗರ್ಭಧಾರಣೆಗೆ ಮುಂಚಿನ ಮತ್ತು ಗರ್ಭಾವಸ್ಥೆಯ ಆರೈಕೆಯನ್ನು ಬೊಜ್ಜು ತಡೆಯುವ ಕ್ರಮಗಳಲ್ಲಿ ಸೇರಿಸಿತು. ಹಾಗಾಗಿ ದಪ್ಪಗಿರುವ ಮಗುವನ್ನು ಹಂಗಿಸುವುದನ್ನು ನಿಲ್ಲಿಸೋಣ. ಹದಿಹರೆಯದ ಹುಡುಗಿಗೆ ಹೊಟ್ಟೆ ತುಂಬ ಒಳ್ಳೆಯ ಊಟ, ಪ್ರತಿ ಗರ್ಭಿಣಿಗೂ ತಪ್ಪದೆ ಸಕ್ಕರೆ ಪರೀಕ್ಷೆ, ಏರಿದ್ದರೆ ಕೂಡಲೇ ಚಿಕಿತ್ಸೆ: ಮಕ್ಕಳ ಬೊಜ್ಜು ತಡೆಯುವ ಕೆಲಸ ಇಲ್ಲಿಂದ ಶುರುವಾಗಬೇಕು.