ಫೋಟೊದ ಚೌಕಟ್ಟಿನಾಚೆಯ 1983

1983 ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಂದೇ ಫೋಟೊ. ಲಾರ್ಡ್ಸ್ ಮೈದಾನದ ಬಾಲ್ಕನಿ, ನಗುವ ಕಪಿಲ್ ದೇವ್, ಕೈಯಲ್ಲಿ ವಿಶ್ವಕಪ್. ದಿನಾಂಕ ಜೂನ್ 25.

ಅದೇ ದಿನ ದಿಲ್ಲಿಯ ರಾಜಘಾಟ್‌ನಲ್ಲಿ ಒಂದು ಕಾಲ್ನಡಿಗೆ ಮುಗಿಯಿತು. ಜನತಾ ಪಕ್ಷದ ಅಧ್ಯಕ್ಷ ಚಂದ್ರಶೇಖರ್ ಜನವರಿ 6ರಂದು ಕನ್ಯಾಕುಮಾರಿಯಿಂದ ಹೊರಟವರು, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದು ಬಂದಿದ್ದರು. ತುರ್ತುಪರಿಸ್ಥಿತಿ ಹೇರಿ ಅಂದಿಗೆ ಸರಿಯಾಗಿ ಎಂಟು ವರ್ಷ. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಕುಡಿಯುವ ನೀರು, ಪ್ರಾಥಮಿಕ ಶಿಕ್ಷಣದಂಥ ವಿಷಯಗಳನ್ನು. ಮರುದಿನದ ಸಂಭ್ರಮದಲ್ಲಿ ಆ ಸವೆದ ಪಾದಗಳನ್ನು ನೆನೆದವರೆಷ್ಟು ಮಂದಿ?

ನೀರಿನ ಮಾತು ಬಂದರೆ ಕರ್ನಾಟಕಕ್ಕೇ ಬರಬೇಕು. ಜನವರಿ 10ರಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರವದು. ಆದರೆ ಹಳ್ಳಿಗಳ ಬಾಯಲ್ಲಿ ಇಂದಿಗೂ ಉಳಿದಿರುವುದು ಆ ಸರ್ಕಾರದಲ್ಲಿ ಪಂಚಾಯತ್ ರಾಜ್ ಖಾತೆ ನೋಡಿಕೊಂಡ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿದ ಅವರನ್ನು ಜನ ‘ನೀರ್ ಸಾಬ್’ ಎಂದೇ ಕರೆದರು. ಬೋರ್‌ವೆಲ್ಲಿನ ಕೈಪಂಪು ಒತ್ತಿ ಕೊಡ ತುಂಬಿಸಿಕೊಂಡ ಹೆಂಗಸರು ಕೊಟ್ಟ ಬಿರುದು ಅದು. ಯಾವ ಪದ್ಮ ಪ್ರಶಸ್ತಿಯೂ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದಿಲ್ಲ.

ವಿಶ್ವಕಪ್ಪಿನಲ್ಲೂ ಹಾಗೆಯೇ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ನಮ್ಮವರು 17 ರನ್ನಿಗೆ 5 ವಿಕೆಟ್ ಕಳೆದುಕೊಂಡಾಗ ಕಪಿಲ್ ಆಡಿದ ಅಜೇಯ 175 ರನ್ನುಗಳ ಇನಿಂಗ್ಸ್ ಎಲ್ಲರಿಗೂ ಗೊತ್ತು. ಆ ಆಟದ ಟಿವಿ ಚಿತ್ರೀಕರಣ ಆಗಲೇ ಇಲ್ಲ. ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಜೊತೆಯಾಟದಲ್ಲಿ ಇನ್ನೊಂದು ತುದಿ ಕಾದವರು ನಮ್ಮ ಸೈಯದ್ ಕಿರ್ಮಾನಿ. ಅವರದು 24 ರನ್, ಅಷ್ಟೇ. ಆದರೆ ಆ ತುದಿ ಕುಸಿದಿದ್ದರೆ 175 ಎಲ್ಲಿಂದ ಬರುತ್ತಿತ್ತು? ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತವರೂ ಬೆಂಗಳೂರಿನವರೇ, ರೋಜರ್ ಬಿನ್ನಿ.

ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಇನ್ಸಾಟ್-1ಬಿ ಉಪಗ್ರಹ ಆಕಾಶಕ್ಕೇರಿತು. ಹಿಂದಿನ ವರ್ಷವಷ್ಟೇ ಇನ್ಸಾಟ್-1ಎ ಕೈಕೊಟ್ಟಿತ್ತು. ಈ ಸಲವೂ ಸೌರಫಲಕ ಸರಿಯಾಗಿ ಬಿಚ್ಚಿಕೊಳ್ಳದೆ ಸತಾಯಿಸಿತು. ಹಾಸನದ ನಿಯಂತ್ರಣ ಕೇಂದ್ರದಲ್ಲಿ ಕೂತವರು ದಿನಗಟ್ಟಲೆ ಅದರೊಂದಿಗೆ ಹೆಣಗಿದರು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ಅರಳಿತು. ಮುಂದೆ ಊರೂರಿನ ಮಾಳಿಗೆಗಳ ಮೇಲೆ ಆಂಟೆನಾ ಎದ್ದದ್ದರ ಹಿಂದೆ ಆ ಕೋಣೆಯ ದುಡಿಮೆಯಿದೆ.

ಅದೇ ವರ್ಷದ ಜ್ಞಾನಪೀಠ ತೊಂಬತ್ತು ದಾಟಿದ ಮಾಸ್ತಿಯವರಿಗೆ ಸಂದಿತು. ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿಯಿತು.

ಇಷ್ಟನ್ನೆಲ್ಲ ಹೆಮ್ಮೆಯಿಂದ ಬರೆಯುವಾಗ ಕೈ ತಡೆಯುವ ಒಂದು ತಾರೀಖಿದೆ. ಫೆಬ್ರುವರಿ 18. ಚುನಾವಣೆಯ ಗಲಭೆಯಲ್ಲಿ ಬೇಯುತ್ತಿದ್ದ ಅಸ್ಸಾಮಿನ ನೆಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕೆಲವೇ ಗಂಟೆಗಳಲ್ಲಿ ಸಾವಿರಾರು ಬಂಗಾಳಿ ಮುಸ್ಲಿಮರ ಕಗ್ಗೊಲೆಯಾಯಿತು. ಸತ್ತವರಲ್ಲಿ ಓಡಲಾಗದ ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು. ಆ ಕೊಲೆಗಳಿಗಾಗಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.