ಕಂಟ್ರೋಲ್ ರೂಮಿನವರು ಒಂದೆಡೆ ಸೇರಿದರೆ ನಮಗೇನು ಲಾಭ?

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಸಂಜೆ ಕರೆಂಟು ಹೋದರೆ ಹೂವಿನವರಿಂದ ಹಿಡಿದು ಜ್ಯೂಸ್ ಅಂಗಡಿಯವರ ತನಕ ಎಲ್ಲರೂ ಬೈಯುವುದು ಬೆಸ್ಕಾಂಗೆ. ನಮ್ಮೂರಲ್ಲಾದರೆ ಮೆಸ್ಕಾಂಗೆ. 1912ಕ್ಕೆ ಫೋನ್ ಮಾಡುತ್ತೇವೆ, ಲೈನ್‌ಮ್ಯಾನ್ ದಾರಿ ಕಾಯುತ್ತೇವೆ. ಆದರೆ ಕರೆಂಟು ಹೋಗದ ದಿನ ಅದನ್ನು ಕಾದು ಕೂತವರು ಯಾರೆಂದು ನಾವು ಕೇಳುವುದೇ ಇಲ್ಲ.

ಅವರು ಕೂರುವುದು ಗಾಂಧಿ ಬಜಾರಿನಿಂದ ಕೆಲವೇ ಕಿಲೋಮೀಟರ್ ದೂರದ ಆನಂದರಾವ್ ಸರ್ಕಲ್ ಬಳಿ. ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರವೂ, ಇಡೀ ದಕ್ಷಿಣ ಭಾರತದ ಕೇಂದ್ರವೂ ಅಲ್ಲೇ ಇವೆ. ಅಲ್ಲಿನ ಕಂಟ್ರೋಲ್ ರೂಮಿಗೆ ರಾತ್ರಿಯೂ ಇಲ್ಲ, ಪೆರ್ನಾಲ್ ರಜೆಯೂ ಇಲ್ಲ. ಕರೆಂಟನ್ನು ಅಕ್ಕಿಯಂತೆ ಮೂಟೆ ಕಟ್ಟಿ ಇಡಲಾಗದು. ನಾವು ಎಷ್ಟು ಬಳಸುತ್ತೇವೋ ಅಷ್ಟೇ ಆ ಕ್ಷಣಕ್ಕೆ ತಯಾರಾಗಬೇಕು. ಬಳಕೆ ಹೆಚ್ಚಿದರೆ ಗ್ರಿಡ್‌ನ ಫ್ರೀಕ್ವೆನ್ಸಿ 50 ಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ, ಕಡಿಮೆಯಾದರೆ ಮೇಲೇರುತ್ತದೆ. ಅದನ್ನು ಹದದಲ್ಲಿಡುವುದೇ ಇವರ ಕೆಲಸ.

2020ರ ಏಪ್ರಿಲ್ 5 ನೆನಪಿದೆಯಲ್ಲ? ಲಾಕ್‌ಡೌನ್ ದಿನಗಳು. ರಾತ್ರಿ 9ಕ್ಕೆ 9 ನಿಮಿಷ ದೀಪ ಆರಿಸಿ ಎಂದು ಕರೆ ಬಂದಿತ್ತು. ಬಳಕೆ 12,000 ಮೆಗಾವ್ಯಾಟ್‌ನಷ್ಟು ಇಳಿಯಬಹುದೆಂದು ಅಂದಾಜಿತ್ತು. ಇಳಿದದ್ದು ಸುಮಾರು 31,000. ಆದರೂ ಗ್ರಿಡ್ ಬೀಳಲಿಲ್ಲ. ಬೇಗ ಇಳಿಸಿ ಬೇಗ ಏರಿಸಬಹುದಾದ ಜಲವಿದ್ಯುತ್ ಘಟಕಗಳನ್ನು ಮೊದಲೇ ಸಜ್ಜಾಗಿಟ್ಟು, ದೇಶದ ಕಂಟ್ರೋಲ್ ರೂಮ್‌ಗಳು ಒಂದೇ ಲೆಕ್ಕದಲ್ಲಿ ಕೆಲಸ ಮಾಡಿದ್ದವು.

ಒಬ್ಬರಿಗೊಬ್ಬರು ಪರಿಚಯವಿರಬೇಕಾದ್ದು ಇದಕ್ಕೇ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಾದಾಗ ದಕ್ಷಿಣ ಬಚಾವಾಗಿತ್ತು, ಏಕೆಂದರೆ ನಮ್ಮ ಗ್ರಿಡ್ ಆಗ ಬೇರೆಯಾಗಿಯೇ ನಡೆಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ಮೂಲಕ ನಾವೂ ಸೇರಿಕೊಂಡೆವು. ಈಗ ದೂರದ ಎಡವಟ್ಟು ನಮ್ಮ ಮನೆಯ ಫ್ಯಾನ್ ತನಕ ಬರಬಹುದು.

ಇದು ಕರೆಂಟಿನ ಮಾತು ಮಾತ್ರವಲ್ಲ. ಎಂಆರ್‌ಪಿಎಲ್‌ನಲ್ಲೂ ಗಲ್ಫಿನ ರಿಫೈನರಿಗಳಲ್ಲೂ ಪ್ಯಾನೆಲ್ ಮುಂದೆ ಕೂರುವ ಕರಾವಳಿಯ ಹುಡುಗರಿದ್ದಾರೆ. ಅವರೆಲ್ಲ ತಿಳಿದಿರಬೇಕಾದ ಕಥೆ ಪೈಪರ್ ಆಲ್ಫಾದ್ದು. 1988ರ ಜುಲೈ 6ರಂದು ಉತ್ತರ ಸಮುದ್ರದ ಆ ತೈಲ ವೇದಿಕೆಯಲ್ಲಿ 167 ಮಂದಿ ಸತ್ತರು. ರಿಪೇರಿಗೆಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿಟ್ಟದ್ದು ಹಗಲಿನ ಶಿಫ್ಟಿಗೆ ಗೊತ್ತಿತ್ತು, ರಾತ್ರಿ ಶಿಫ್ಟಿನವರಿಗೆ ತಲುಪಲಿಲ್ಲ. ಅವರು ಪಂಪ್ ಚಾಲೂ ಮಾಡಿದರು. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ 1979ರಲ್ಲಿ ಆದದ್ದು ಇನ್ನೊಂದು ಬಗೆ: ನೂರಕ್ಕೂ ಹೆಚ್ಚು ಅಲಾರಂ ಒಟ್ಟಿಗೆ ಬಾರಿಸಿ, ಯಾವುದನ್ನು ನಂಬುವುದೆಂದೇ ತಿಳಿಯಲಿಲ್ಲ.

ಕಂಟ್ರೋಲ್ ರೂಮಿನವರ ಸಮ್ಮೇಳನಗಳಲ್ಲಿ ಚರ್ಚೆಯಾಗಬೇಕಾದ್ದು ಇವೇ: ಶಿಫ್ಟ್ ಬದಲಾಗುವಾಗ ಏನು ಹೇಳಬೇಕು, ಯಾವ ಅಲಾರಂ ಬೇಕು, ಯಾವುದು ಬೇಡ, ನಿದ್ದೆಗೆಟ್ಟವರನ್ನು ಎಷ್ಟು ಹೊತ್ತು ಕೂರಿಸಬಹುದು. ಗ್ರಿಡ್ ನಡೆಸುವವರಿಗೆ ಬನಶಂಕರಿ ಎರಡನೇ ಹಂತದ ಪವರ್ ಸಿಸ್ಟಮ್ಸ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ತರಬೇತಿ ಇದೆ. ಆದರೆ ಒಬ್ಬರಿಗೆ ಆದ ಎಡವಟ್ಟನ್ನು ಇನ್ನೊಬ್ಬರು ನಾಚಿಕೆಯಿಲ್ಲದೆ, ಮೇಲಧಿಕಾರಿಯ ಹೆದರಿಕೆಯಿಲ್ಲದೆ ಕೇಳಿಕೊಳ್ಳುವ ಜಾಗ ತರಗತಿಗಿಂತ ಬೇರೆ. ಪೊಲೀಸ್, ಆಂಬುಲೆನ್ಸ್, ರೈಲು, ವಿಮಾನ, ಎಲ್ಲ ಕಡೆಯ ಕಂಟ್ರೋಲ್ ರೂಮಿನವರಿಗೂ ಅಂಥ ಜಾಗ ಬೇಕು. ಕಂಪೆನಿಗಳು ಅದಕ್ಕೆ ರಜೆ ಕೊಟ್ಟು, ಖರ್ಚು ಹಾಕಿ ಕಳಿಸಿದರೆ ನಷ್ಟವೇನಿಲ್ಲ.

ಮನೆಯವರ ಪಾಲೂ ಇದೆ. ನೈಟ್ ಡ್ಯೂಟಿ ಮುಗಿಸಿ ಬಂದ ಮಗ ಹಗಲು ಮಲಗಿದರೆ ಸೋಮಾರಿ ಎನ್ನಬೇಡಿ. ಸಂಬಂಧಿಕರು ಬಂದರೆಂದು ಎಬ್ಬಿಸಲೂ ಬೇಡಿ. ಅವನು ಇವತ್ತು ರಾತ್ರಿ ಮತ್ತೆ ಎಚ್ಚರವಾಗಿರಬೇಕು.